ಪಿಗ್ಮಿ ಗೋಬಿ: 59 ದಿನದ ಬಾಳು

ವೈಜ್ಞಾನಿಕ ಹೆಸರು ಎವಿಯೋಟಾ ಸಿಗಿಲ್ಲಾಟಾ. ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯಾಚೆ ಸುಮಾರು 2,300 ಕಿ.ಮೀ. ಹಬ್ಬಿರುವ ಗ್ರೇಟ್ ಬ್ಯಾರಿಯರ್ ರೀಫ್ ಈ ಮೀನಿನ ನೆಲೆಗಳಲ್ಲೊಂದು. ಪೂರ್ತಿ ಬೆಳೆದರೂ 2 ಸೆಂ.ಮೀ. ಆಸುಪಾಸು. ಹವಳದ ಸಂದುಗಳಲ್ಲಿ, ಒಡೆದ ಹವಳದ ಚೂರುಗಳ ಮೇಲೆ ಅಂಟಿದಂತೆ ಕೂತಿರುತ್ತದೆ. ಹುಡುಕಿಕೊಂಡು ಹೋದವರ ಕಣ್ಣಿಗೂ ಸುಲಭಕ್ಕೆ ಬೀಳದು. ದೊಡ್ಡ ಮೀನುಗಳಿಗೆ ಮಾತ್ರ ನಿತ್ಯದ ತುತ್ತು.

ಬೆನ್ನೆಲುಬಿರುವ ಪ್ರಾಣಿಗಳಲ್ಲಿ ದಾಖಲಾಗಿರುವ ಅತಿ ಚಿಕ್ಕ ಆಯುಷ್ಯ ಇದರದು: ಹೆಚ್ಚೆಂದರೆ 59 ದಿನ. ಮೊದಲ ಮೂರು ವಾರ ಮರಿ ತೆರೆದ ಕಡಲಲ್ಲಿ ತೇಲುತ್ತದೆ. ಹವಳಕ್ಕೆ ಬಂದು ನೆಲೆಯೂರಿ ಒಂದೆರಡು ವಾರದಲ್ಲಿ ಪ್ರಾಯಕ್ಕೆ ಬರುತ್ತದೆ. ಉಳಿಯುವುದು ಮೂರೂವರೆ ವಾರವಷ್ಟೆ. ಅಷ್ಟರೊಳಗೆ ಹೆಣ್ಣು ಮೊಟ್ಟೆಯಿಡಬೇಕು, ಅವು ಒಡೆಯಬೇಕು. ಮೊಟ್ಟೆಗಳ ಕಾವಲು, ಗಮನಿಸಿ, ಗಂಡಿನದು.

ದಿನಗಳನ್ನು ಇಷ್ಟು ಕರಾರುವಾಕ್ಕಾಗಿ ಎಣಿಸಿದ್ದು ಹೇಗೆ? ಮೀನಿನ ಒಳಕಿವಿಯಲ್ಲಿ ಸುಣ್ಣದ ಪುಟ್ಟ ಹರಳುಗಳಿವೆ. ಅವುಗಳಿಗೆ ದಿನಕ್ಕೊಂದು ಪದರ ಕೂಡುತ್ತ ಹೋಗುತ್ತದೆ, ಮರದ ಕಾಂಡದಲ್ಲಿ ವರ್ಷದ ಬಳೆ ಮೂಡುವ ಹಾಗೆ. ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಮಾರ್ಷಲ್ ಡೆಪ್ಚಿನ್‌ಸ್ಕಿ ಮತ್ತು ಡೇವಿಡ್ ಬೆಲ್‌ವುಡ್ ಈ ಪದರಗಳನ್ನು ಎಣಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದಕ್ಕೆ ಮುಂಚೆ ಈ ದಾಖಲೆ ಆಫ್ರಿಕಾದ ಮಳೆನೀರಿನ ಹೊಂಡಗಳಲ್ಲಿ ಬದುಕುವ ಕಿಲ್ಲಿಫಿಶ್ ಹೆಸರಿನಲ್ಲಿತ್ತು.