ನೇತ್ರಾಣಿಯಲ್ಲಿ ಸ್ನಾರ್ಕೆಲಿಂಗ್: ಬೀದರ್, ಭಾಲ್ಕಿ ಹಾಗೂ ಔರಾದ್ ಭಾಗದ ಪ್ರವಾಸಿಗರಿಗೆ ಮಾಹಿತಿ

ಬೀದರ್ ನಗರ, ಭಾಲ್ಕಿ ಹಾಗೂ ಔರಾದ್ ತಾಲ್ಲೂಕುಗಳಿಂದ ಕರಾವಳಿ ಪ್ರವಾಸಕ್ಕೆ ತೆರಳುವ ಕುಟುಂಬಗಳು ಮತ್ತು ಶಾಲಾ-ಕಾಲೇಜು ತಂಡಗಳ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಗಾಜಿನ ಮುಖಕವಚ ಧರಿಸಿ, ಬಾಯಲ್ಲಿ ಕಚ್ಚಿದ ಕೊಳವೆಯ ಮೂಲಕ ಉಸಿರಾಡುತ್ತ, ನೀರಿನ ಮೇಲೆ ಬೋರಲಾಗಿ ತೇಲಿ ಕೆಳಗಿನ ಹವಳ ಹಾಗೂ ಮೀನುಗಳನ್ನು ವೀಕ್ಷಿಸುವುದೇ ಸ್ನಾರ್ಕೆಲಿಂಗ್. ಇದರಲ್ಲಿ ಸ್ಕೂಬಾ ಡೈವಿಂಗ್‌ನಂತೆ ಗಾಳಿಯ ಸಿಲಿಂಡರ್ ಇರುವುದಿಲ್ಲ.

ದಡದ ಮರಳಿನಿಂದಲೇ ನೀರಿಗಿಳಿದು ಹವಳ ನೋಡಬಹುದೆಂದು ಅನೇಕರು ಭಾವಿಸಿರುತ್ತಾರೆ. ಮುರುಡೇಶ್ವರದ ಕಡಲತೀರದಲ್ಲಿ ಅದು ಸಾಧ್ಯವಿಲ್ಲ. ಅಲ್ಲಿಯ ನೀರು ಮರಳಿನಿಂದ ಕದಡಿರುತ್ತದೆ. ಹವಳವಿರುವುದು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿಗೆ ಸೇರಿದ ನೇತ್ರಾಣಿ ದ್ವೀಪದ ಸುತ್ತ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಈ ದ್ವೀಪಕ್ಕೆ ದೋಣಿಯಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಪ್ರಯಾಣಿಸಬೇಕು. ದ್ವೀಪವನ್ನು ನೌಕಾಪಡೆಯು ಗುರಿ ಅಭ್ಯಾಸಕ್ಕೆ ಬಳಸಿಕೊಂಡಿರುವುದರಿಂದ ಪ್ರವಾಸಿಗರು ದಡಕ್ಕೆ ಇಳಿಯತಕ್ಕದ್ದಲ್ಲ. ದೋಣಿಯಿಂದ ನೇರವಾಗಿ ನೀರಿಗಿಳಿಯಬೇಕಾಗುತ್ತದೆ. ಕಾಲಿಗೆ ನೆಲ ಸಿಗುವುದಿಲ್ಲ.

ಬಾವಿಯಲ್ಲಾಗಲಿ, ಕಾರಂಜಾ ಜಲಾಶಯದ ಹಿನ್ನೀರಿನಲ್ಲಾಗಲಿ ಈಜಿ ಬಲ್ಲವರು ಸಮುದ್ರವನ್ನೂ ಹಾಗೆಯೇ ಎಣಿಸಬಾರದು. ಉಪ್ಪುನೀರಿನಲ್ಲಿ ದೇಹ ಸುಲಭವಾಗಿ ತೇಲುವುದು ನಿಜ. ಆದರೆ ನಿಂತ ನೀರಿನಲ್ಲಿ ಇಲ್ಲದ ಅಲೆ ಮತ್ತು ಸೆಳೆತ ಅಲ್ಲಿವೆ. ಈಜು ಬಲ್ಲವರೂ ಲೈಫ್ ಜಾಕೆಟ್ ಧರಿಸಿಯೇ ಇಳಿಯತಕ್ಕದ್ದು. ಕೊಳವೆಗೆ ನೀರು ನುಗ್ಗಿದಾಗ ಗಾಬರಿಗೊಂಡು ಉಸಿರೆಳೆಯದೆ, ಬಾಯಿಂದ ಜೋರಾಗಿ ಊದಿ ನೀರನ್ನು ಹೊರಹಾಕಬೇಕು. ಈ ಒಂದು ಅಭ್ಯಾಸವನ್ನು ದೋಣಿಯ ಬಳಿಯಲ್ಲಿಯೇ ಎರಡು-ಮೂರು ಬಾರಿ ಮಾಡಿ ನೋಡುವುದು ಒಳಿತು. ಸೆಳೆತಕ್ಕೆ ಸಿಕ್ಕವರು ಅದರ ಎದುರು ಈಜಿ ದಣಿಯದೆ, ತೇಲುತ್ತ ಕೈ ಎತ್ತಿ ಮಾರ್ಗದರ್ಶಕರನ್ನು ಕರೆಯಬೇಕು.

ದಡದ ಬಳಿಯೂ ಅಪಾಯವಿದೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಮೃತಪಟ್ಟರು. ಆದುದರಿಂದ ಶಾಲಾ ತಂಡಗಳು ಶಿಕ್ಷಣ ಇಲಾಖೆಯ ಪೂರ್ವಾನುಮತಿಯ ಅರ್ಜಿಯಲ್ಲಿ ಸಮುದ್ರಕ್ಕಿಳಿಯುವ ಕಾರ್ಯಕ್ರಮವಿದ್ದಲ್ಲಿ ಅದನ್ನು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ. ಜೀವರಕ್ಷಕ ಸಿಬ್ಬಂದಿಯ ಸೂಚನೆಯನ್ನು ಮೀರತಕ್ಕದ್ದಲ್ಲ.

ಸ್ನಾರ್ಕೆಲಿಂಗ್‌ಗೆ ಅಕ್ಟೋಬರ್‌ನಿಂದ ಮೇವರೆಗಿನ ಅವಧಿ ಯೋಗ್ಯ. ಮಳೆಗಾಲದಲ್ಲಿ ದೋಣಿಗಳು ಹೋಗುವುದಿಲ್ಲ. ಪರವಾನಗಿ ಪಡೆದ ಸಂಸ್ಥೆಗಳಲ್ಲಿ ಮಾತ್ರ ಮುಂಗಡ ಕಾಯ್ದಿರಿಸಿ ರಸೀದಿ ಪಡೆಯಬೇಕು. ಭಾವಚಿತ್ರವಿರುವ ಗುರುತಿನ ಚೀಟಿ ಜೊತೆಯಲ್ಲಿರಲಿ. ಆರೋಗ್ಯ ಘೋಷಣಾ ಪತ್ರದಲ್ಲಿ ಹೃದ್ರೋಗ, ಅಸ್ತಮಾ, ಮೂರ್ಛೆರೋಗ, ಗರ್ಭಾವಸ್ಥೆಗಳನ್ನು ಮುಚ್ಚಿಡಬಾರದು. ಹಣ ಕಟ್ಟಿಯಾಗಿದೆ ಎಂಬ ಕಾರಣಕ್ಕೆ ನೀರಿಗಿಳಿಯುವವರೂ ಇದ್ದಾರೆ, ಇದು ಸರಿಯಲ್ಲ.

ಹವಳವು ಕಲ್ಲಲ್ಲ, ಜೀವಿ. ಗುಂಡುಬಂಡೆಯಂತಹ ಹವಳಗಳು ವರ್ಷಕ್ಕೆ ಒಂದೆರಡು ಸೆಂಟಿಮೀಟರ್‌ಗಿಂತ ಹೆಚ್ಚು ಬೆಳೆಯುವುದು ಅಪರೂಪ. ಅವುಗಳನ್ನು ಮುಟ್ಟುವುದು, ಅವುಗಳ ಮೇಲೆ ನಿಲ್ಲುವುದು ಕೂಡದು. 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮದ ಒಂದನೇ ಅನುಸೂಚಿಯಲ್ಲಿ ಹವಳಗಳು ಸೇರಿದ್ದು, ಮನೆಯ ಅಲಂಕಾರಕ್ಕೆಂದು ತುಂಡೊಂದನ್ನು ತರುವುದೂ ಅಪರಾಧವಾಗುತ್ತದೆ.

ಔರಾದಿಗೆ ರೈಲು ಸಂಪರ್ಕವಿಲ್ಲದ ಕಾರಣ ಅಲ್ಲಿಯವರು ಬಸ್ಸಿನಲ್ಲಿ ಬೀದರ್‌ಗೆ ಬರಬೇಕು. ಬೀದರ್‌ನಿಂದ ಕಲಬುರಗಿಗೆ 2017ರಿಂದ ರೈಲು ಮಾರ್ಗವಿದೆ. ರಸ್ತೆಯಲ್ಲಿ ಹೋಗುವವರು ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮಾರ್ಗವಾಗಿ ತಲುಪಬಹುದು. ರಾತ್ರಿಯಿಡೀ ಪ್ರಯಾಣಿಸಿ ಬೆಳಿಗ್ಗೆಯೇ ದೋಣಿ ಹತ್ತದೆ, ಒಂದು ದಿನ ವಿಶ್ರಾಂತಿ ಪಡೆಯುವುದು ಕ್ಷೇಮ.

ಆಳವಿಲ್ಲದ ಹವಳದ ತೀರವನ್ನೇ ನೋಡಬಯಸುವವರಿಗೆ ಲಕ್ಷದ್ವೀಪದ ಕದ್ಮತ್, ಬಂಗಾರಂ ಮುಂತಾದ ದ್ವೀಪಗಳಿವೆ. ಕದ್ಮತ್ ಒಳಗೊಂಡ ಅಮಿನ್‌ದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಈಗ ಅಲ್ಲಿಗೆ ತೆರಳಲು ಲಕ್ಷದ್ವೀಪ ಆಡಳಿತಕ್ಕೆ ಮುಂಚಿತವಾಗಿ ಅರ್ಜಿ ಸಲ್ಲಿಸಿ ಪ್ರವೇಶ ಪರವಾನಗಿ ಪಡೆಯಬೇಕು. ಪರವಾನಗಿ ಕೈಸೇರುವ ಮುನ್ನ ಟಿಕೆಟ್‌ಗೆ ಹಣ ಪಾವತಿಸದಿರುವುದು ಲೇಸು.

ತುರ್ತು ನೆರವಿಗೆ 112, ಆಂಬ್ಯುಲೆನ್ಸ್‌ಗೆ 108.