ದವಡೆ ಮುರಿದರೆ ಯಾವ ಪ್ಲೇಟ್, ಎಷ್ಟು ಸ್ಕ್ರೂ? ಸಹಿ ಹಾಕುವ ಮೊದಲು ತಿಳಿದಿರಬೇಕಾದ ವಿಷಯಗಳು

ಬೈಕಿನಿಂದ ಬಿದ್ದ ತಂಗಿಯ ಮಗನನ್ನು ಕಾಸರಗೋಡಿನಿಂದ ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಗಲ್ಲದ ಹತ್ತಿರ ಕೆಳದವಡೆ ಮುರಿದಿತ್ತು. ಡಾಕ್ಟರ್ ಎರಡು ಮೂರು ಪ್ಲೇಟಿನ ಹೆಸರು ಹೇಳಿ ಸಹಿಗೆ ಕಾಗದ ಕೊಟ್ಟರು. ನಾನು ಅಂಗಡಿಯವ, ವ್ಯತ್ಯಾಸ ಕೇಳದೆ ಸಾಮಾನು ತೆಗೆದುಕೊಳ್ಳುವ ಅಭ್ಯಾಸ ಇಲ್ಲ. ಆದರೆ ಅಂದು ಏನು ಕೇಳಬೇಕು ಅಂತಲೇ ಗೊತ್ತಿರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತಂತಿ ಕಟ್ಟುವುದು: ಇದು ಹಳೆಯ ಕ್ರಮ. ಮೇಲಿನ, ಕೆಳಗಿನ ಹಲ್ಲುಗಳನ್ನು ಸೇರಿಸಿ 4ರಿಂದ 6 ವಾರ ಕಟ್ಟಿಡ್ತಾರೆ. ಆಪರೇಷನ್ ದೊಡ್ಡದಲ್ಲ, ಆದರೆ ಅಷ್ಟು ದಿನ ಬಾಯಿ ತೆರೆಯುವ ಹಾಗಿಲ್ಲ, ಬರೀ ದ್ರವಾಹಾರ. ಎಲುಬು ಹೆಚ್ಚು ಸರಿಯದ ಮುರಿತಕ್ಕೆ ಈಗಲೂ ಬಳಕೆಯಲ್ಲಿದೆ.

ಮಿನಿಪ್ಲೇಟ್: 1970ರ ದಶಕದಲ್ಲಿ ಫ್ರಾನ್ಸಿನ ಮಿಶೆಲೆ ಮತ್ತು ಸ್ಟ್ರಾಸ್‌ಬರ್ಗ್‌ನ ಶಾಂಪಿ ಇದನ್ನು ಬೆಳೆಸಿದರು. ಅಗಿಯುವಾಗ ಮುರಿದ ಕೆಳದವಡೆಯ ಮೇಲಂಚು ಬಿಟ್ಟುಕೊಳ್ಳುತ್ತದೆ, ಕೆಳಅಂಚು ಒತ್ತಿಕೊಳ್ಳುತ್ತದೆ. ಬಿಡುವ ಜಾಗದಲ್ಲೇ ಹಿಡಿದರೆ ಸಣ್ಣ ಪ್ಲೇಟ್ ಸಾಕು ಅನ್ನುವುದು ಲೆಕ್ಕ. ಸಾಮಾನ್ಯವಾಗಿ ಸ್ಕ್ರೂವಿನ ದಪ್ಪ 2 ಮಿ.ಮೀ., ಉದ್ದ 6ರಿಂದ 8 ಮಿ.ಮೀ.; ಎಲುಬಿನ ಹೊರಪದರವನ್ನಷ್ಟೇ ಹಿಡಿಯುತ್ತದೆ. ಹಾಗಾಗಿ ಹಲ್ಲಿನ ಬೇರು, ನರಕ್ಕೆ ಅಪಾಯ ಕಡಿಮೆ. ಹೆಚ್ಚಾಗಿ ಬಾಯಿಯ ಒಳಗಿನಿಂದಲೇ ಹಾಕುವುದರಿಂದ ಮುಖದಲ್ಲಿ ಗಾಯದ ಗುರುತು ಉಳಿಯುವುದಿಲ್ಲ. ಶಾಂಪಿಯ ಕ್ರಮದಲ್ಲಿ ದವಡೆಯ ಮೂಲೆಗೆ ಒಂದು ಪ್ಲೇಟ್. ಗಲ್ಲದ ಭಾಗದಲ್ಲಿ ತಿರುಚುವ ಬಲವೂ ಇರುವುದರಿಂದ ಅಲ್ಲಿಗೆ ಎರಡು.

ರಿಕನ್‌ಸ್ಟ್ರಕ್ಷನ್ ಪ್ಲೇಟ್: ಇದು ದಪ್ಪ ಪ್ಲೇಟ್. ಸ್ಕ್ರೂ ಎಲುಬಿನ ಎರಡೂ ಪದರ ದಾಟುತ್ತದೆ. ಮಿನಿಪ್ಲೇಟ್ ಪಾಲುದಾರನ ಹಾಗೆ, ಎಲುಬಿನ ಜೊತೆ ಭಾರ ಹಂಚಿಕೊಳ್ಳುತ್ತದೆ. ಇದು ಇಡೀ ಭಾರ ತಾನೇ ಹೊರುತ್ತದೆ. ಎಲುಬು ಚೂರುಚೂರಾದಾಗ, ತುಂಡು ಕಳೆದುಹೋದಾಗ, ಹಲ್ಲಿಲ್ಲದೆ ಎಲುಬು ಸವೆದ ವಯಸ್ಸಾದವರಿಗೆ ಇದು ಬೇಕಾಗುತ್ತದೆ. ಎಷ್ಟೋ ಸಲ ಹೊರಗಿನಿಂದ ಕೊಯ್ಯಬೇಕು, ಆಗ ಗುರುತು ಉಳಿಯುತ್ತದೆ, ಮುಖದ ನರಕ್ಕೂ ಅಪಾಯ ಉಂಟು.

ಲಾಕಿಂಗ್ ಪ್ಲೇಟ್: ಸ್ಕ್ರೂವಿನ ತಲೆ ಪ್ಲೇಟಿಗೇ ಬಿಗಿಯುತ್ತದೆ. ಪ್ಲೇಟ್ ಎಲುಬಿಗೆ ಪೂರ್ತಿ ಅಂಟಿ ಕೂರದಿದ್ದರೂ ತುಂಡು ಎಳೆದುಕೊಂಡು ಜಾಗ ತಪ್ಪುವುದಿಲ್ಲ. ಬೆಲೆ ಜಾಸ್ತಿ. ಆದರೆ ಸಾದಾ ಮುರಿತಗಳಲ್ಲಿ ಹೋಲಿಸಿ ನೋಡಿದಾಗ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ.

ಲ್ಯಾಗ್ ಸ್ಕ್ರೂ: ಇದರಲ್ಲಿ ಪ್ಲೇಟೇ ಇಲ್ಲ. ಸ್ಕ್ರೂ ದೂರದ ತುಂಡನ್ನು ಮಾತ್ರ ಕಚ್ಚಿಕೊಂಡು ಹತ್ತಿರದ ತುಂಡಿಗೆ ಎಳೆದು ಒತ್ತುತ್ತದೆ. ಗಲ್ಲದ ಸ್ವಚ್ಛ ಮುರಿತಕ್ಕೆ ಚೆನ್ನಾಗಿ ಹೊಂದುತ್ತದೆ. ಚೂರಾದ ಎಲುಬಿಗೆ ಆಗುವುದಿಲ್ಲ.

ಜಾಸ್ತಿ ಲೋಹ ಹಾಕಿದರೆ ಜಾಸ್ತಿ ಗಟ್ಟಿ ಅಂತ ನಮಗೆ ಅನಿಸುವುದು ಸಹಜ. ಆದರೆ ಅಮೆರಿಕದ ಡಲ್ಲಾಸ್‌ನಲ್ಲಿ ಎಡ್ವರ್ಡ್ ಎಲ್ಲಿಸ್ ದವಡೆ ಮೂಲೆಯ ಮುರಿತಗಳನ್ನು ಹೋಲಿಸಿದಾಗ, ಎರಡು ಮಿನಿಪ್ಲೇಟ್ ಹಾಕಿದವರಿಗಿಂತ ಒಂದೇ ಹಾಕಿದವರಲ್ಲಿ ತೊಂದರೆ ಕಡಿಮೆ ಕಂಡಿತು.

ಯಾವುದನ್ನು ಹಾಕಿದರೂ ಮೊದಲು ಹಲ್ಲುಗಳು ಸರಿಯಾಗಿ ಒಂದರ ಮೇಲೊಂದು ಕೂರಬೇಕು, ಆಮೇಲೆ ಸ್ಕ್ರೂ. ಅದು ತಪ್ಪಿದರೆ ಎಷ್ಟು ದುಬಾರಿ ಪ್ಲೇಟ್ ಆದರೂ ಅಗಿಯಲು ಕಷ್ಟವೇ. ಟೈಟೇನಿಯಂ ಪ್ಲೇಟ್ ತೊಂದರೆ ಕೊಡದಿದ್ದರೆ ತೆಗೆಯಬೇಕಾಗಿಲ್ಲ. ಕೀವು ಆದರೆ, ಸ್ಕ್ರೂ ಸಡಿಲವಾದರೆ ತೆಗೀತಾರೆ. ಪ್ಲೇಟ್ ಹಾಕಿದ ಮೇಲೂ ಕೆಲವು ವಾರ ಮೆತ್ತಗಿನ ಊಟವೇ. ಬೀಡಿ, ಸಿಗರೇಟು ಬೇಡ, ಗಾಯ ಕೊಳೆಯುವ ಸಾಧ್ಯತೆ ಹೆಚ್ಚುತ್ತದೆ.

ಸಹಿ ಮಾಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಮುರಿತ ಎಲ್ಲಿ, ಎಷ್ಟು ತುಂಡು? ಈ ಪ್ಲೇಟೇ ಯಾಕೆ? ಒಳಗಿನಿಂದಲಾ, ಹೊರಗಿನಿಂದಲಾ? ಹಲ್ಲು ಎಷ್ಟು ದಿನ ಕಟ್ಟಿಡ್ತೀರಿ? ತುಟಿ ಜೋಮು ಹಿಡಿದಿದ್ದರೆ ಆಪರೇಷನ್‌ಗೆ ಮೊದಲೇ ಹೇಳಿ. ಮುರಿತದಿಂದಲೇ ನರಕ್ಕೆ ಪೆಟ್ಟಾಗಿರಬಹುದು.

ನಮ್ಮ ಹುಡುಗನಿಗೆ ಹಾಕಿದ್ದು ಎರಡು ಮಿನಿಪ್ಲೇಟ್. ಒಂದು ತಿಂಗಳು ಗಂಜಿ ಕುಡಿದ, ಈಗ ರೊಟ್ಟಿ ತಿನ್ನುತ್ತಾನೆ. ತಲೆಯ ಮೇಲ್ಭಾಗ ಮಾತ್ರ ಮುಚ್ಚುವ ಅರ್ಧ ಹೆಲ್ಮೆಟ್ ಬಿಟ್ಟು, ಗಲ್ಲವನ್ನೂ ಮುಚ್ಚುವ ಹೆಲ್ಮೆಟ್ ಹಾಕುತ್ತಾನೆ.