ಅಟ್ಲಾಸ್ ಪತಂಗ
(ಅಟ್ಯಾಕಸ್ ಟ್ಯಾಪ್ರೋಬ್ಯಾನಿಸ್)

ದಕ್ಷಿಣ ಭಾರತದ ಅತಿ ದೊಡ್ಡ ಪತಂಗಗಳಲ್ಲಿ ಒಂದು. ರೆಕ್ಕೆ ಹರಡಿದರೆ ಒಂದು ತುದಿಯಿಂದ ಇನ್ನೊಂದಕ್ಕೆ 20 ಸೆಂ.ಮೀ. ಮೀರಬಹುದು.

ಗುರುತಿಸಲು ರೆಕ್ಕೆಯ ನಡುವೆ ನೋಡಿ. ಇಟ್ಟಿಗೆಗೆಂಪು ಕಲೆತ ಕಂದು ಬಣ್ಣದಲ್ಲಿ, ಪ್ರತಿ ರೆಕ್ಕೆಗೂ ಕಪ್ಪು ಅಂಚಿನ ಒಂದು ತ್ರಿಕೋನವಿದೆ. ಅಲ್ಲಿ ಹುರುಪೆಗಳಿಲ್ಲದ ಕಾರಣ ಗಾಜಿನಂತೆ ಬೆಳಕು ಹಾಯುತ್ತದೆ. ಟಸರ್ ಪತಂಗದಲ್ಲಿ ಈ ಜಾಗದಲ್ಲಿ ದುಂಡನೆಯ ಕಣ್ಣುಬೊಟ್ಟು ಇರುತ್ತದೆ. ತಿಳಿ ಹಸಿರಿನ, ಉದ್ದ ಬಾಲದ ಚಂದ್ರ ಪತಂಗವಂತೂ ಬೇರೆಯೇ. ಮುಂರೆಕ್ಕೆಯ ಬಾಗಿದ ತುದಿ ಹಾವಿನ ಹೆಡೆಯನ್ನು ಹೋಲುತ್ತದೆ ಎನ್ನುತ್ತಾರೆ. ಹಕ್ಕಿಗಳು ಅದಕ್ಕೆ ಹೆದರುತ್ತವೆಯೋ ಇಲ್ಲವೋ, ನೋಡುವ ನಾವಂತೂ ಒಮ್ಮೆ ಬೆಚ್ಚುತ್ತೇವೆ. ಗಂಡಿನ ಮೀಸೆ ಅಗಲ, ಗರಿಯಂತೆ ಕವಲೊಡೆದಿದೆ. ದೂರದ ಹೆಣ್ಣಿನ ವಾಸನೆ ಹಿಡಿಯುವುದು ಅದರಿಂದಲೇ.

ನೆಲೆ: ಪಶ್ಚಿಮ ಘಟ್ಟದ ಮಳೆಕಾಡು ಮತ್ತು ಅದರ ಅಂಚಿನ ತೋಟಗಳು. ಕರ್ನಾಟಕದ ಮಲೆನಾಡು, ಕೊಡಗು, ಕೇರಳ, ತಮಿಳುನಾಡು, ಶ್ರೀಲಂಕಾಗಳಲ್ಲಿ ಇದರ ವಾಸ. ಈಶಾನ್ಯ ಭಾರತದಲ್ಲಿ ಕಾಣುವುದು ಇದರ ಹತ್ತಿರದ ಬಂಧು, ಅಟ್ಯಾಕಸ್ ಅಟ್ಲಾಸ್. 1880ರ ದಶಕದಲ್ಲಿ ಫ್ರೆಡ್ರಿಕ್ ಮೂರ್ ಈ ಪ್ರಭೇದಕ್ಕೆ ವೈಜ್ಞಾನಿಕ ಹೆಸರಿಟ್ಟರು.

ಕಂಬಳಿಹುಳು ತಿಳಿ ಹಸಿರು. ಮೈಮೇಲೆ ಹಿಟ್ಟು ಉದುರಿಸಿದಂತೆ ಬಿಳಿ ಮೇಣದ ಪುಡಿ. ದಾಲ್ಚಿನ್ನಿ ಮುಂತಾದ ಮರಗಳ ಎಲೆ ತಿಂದು ಬೆಳೆದು, ಎಲೆ ಮಡಚಿ ರೇಷ್ಮೆಗೂಡು ಕಟ್ಟುತ್ತದೆ. ಹೊರಬಂದ ಪತಂಗಕ್ಕೆ ಕೆಲಸ ಮಾಡುವ ಬಾಯಿಯೇ ಇಲ್ಲ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ಒಂದೆರಡು ವಾರ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ.

ರಾತ್ರಿ ದೀಪಕ್ಕೆ ಬಂದು ಗೋಡೆಗೆ ಅಂಟಿದ್ದರೆ ದಯವಿಟ್ಟು ಮುಟ್ಟಬೇಡಿ, ರೆಕ್ಕೆಯ ಹುರುಪೆ ಉದುರುತ್ತದೆ. ದೀಪ ಆರಿಸಿದರೆ ಸಾಕು.